ಹಿಮದ ಲಾರಿಯ ಆರ್ಡಿತ್

ಬಾಸ್ಟನ್ನಿನಿಂದ ಒರೆಗಾನ್ ಕಡಲಿನವರೆಗೆ ಮೂರು ಸಾವಿರ ಮೈಲಿಗೂ ಮಿಕ್ಕಿ ಓಡುವ ಇಪ್ಪತ್ತನೇ ಹೆದ್ದಾರಿಯಲ್ಲಿ ಆರ್ಡಿತ್ ಕೋಲ್ಟರ್‌ಮನ್‌ಳ ಪಾಲಿಗೆ ಬಂದದ್ದು ನೆಬ್ರಾಸ್ಕಾದ ಮೆರಿಮನ್‌ನಿಂದ ಗೋರ್ಡನ್‌ವರೆಗಿನ ತುಂಡು ಮಾತ್ರ. ಅದು ದನ ಹೊಡೆಯುವ ಮಣ್ಣುದಾರಿಯಾಗಿದ್ದಾಗ ಅವಳ ಅಜ್ಜ ಕುದುರೆ ಕಟ್ಟಿ ಸಮ ಮಾಡಿದ್ದ. ಸರ್ಕಾರ ನಂಬರು ಕೊಟ್ಟ ಮೇಲೆ ಅಪ್ಪ ಜಲ್ಲಿ ಹಾಸಿದ. ಡಾಂಬರು ಬಿದ್ದ ಮೇಲೆ ಇವಳು ಹಿಮ ಗೋರುವ ಲಾರಿ ಹತ್ತಿದಳು. ಹೆಂಗಸಿಗೇಕೆ ಲಾರಿ ಎಂದವರಿಗೆ, "ನಿನ್ನ ಕಾರು ಹೂತಾಗ ಕೂಗು, ಆಗ ಹೇಳ್ತೀನಿ" ಎನ್ನುವ ಗಟ್ಟಿಗಿತ್ತಿ.

ಆ ಬಾಯಿಗೆ ಬೀಗ ಬೀಳುತ್ತಿದ್ದದ್ದು ಆರ್ವಲ್ ಹಾಸೆಕ್ ಒಬ್ಬನ ಮುಂದೆ. ಹಿಂದೊಮ್ಮೆ ಹಿಮಗಾಳಿಯಲ್ಲಿ ಅವನ ದನದ ಲಾರಿಯ ಕೆಂಪು ದೀಪ ನೋಡಿಕೊಂಡು ಅವಳ ಗಂಡ ಡೀನ್ ಕಾರು ಓಡಿಸಿದ್ದ. ಲಾರಿ ರಸ್ತೆ ಬಿಟ್ಟು ಹಳ್ಳಕ್ಕಿಳಿಯಿತು, ಕಾರೂ ಹಿಂದೆಯೇ. ಆರ್ವಲ್ ಬದುಕಿದ, ಡೀನ್ ಬದುಕಲಿಲ್ಲ. "ದಾರಿ ಕಾಣ್ದಿದ್ರೆ ನಿಲ್ಲಿಸೋಕೇನಾಗಿತ್ತು ಅವನಿಗೆ?" ಎಂದು ಊರಿಗೆಲ್ಲ ಕೇಳಿದಳು, ಆರ್ವಲ್‌ನನ್ನು ಕೇಳಲಿಲ್ಲ. ಆಮೇಲೆ ಅವನು ಲಾರಿ ಓಡಿಸುವುದು ಬಿಟ್ಟು, ಅವಳು ಕೆಲಸ ಮಾಡುವ ಗೋರ್ಡನ್‌ನ ಲಾರಿ ಶೆಡ್ಡಿನಲ್ಲೇ, ಚಾಲಕರೊಡನೆ ಮಾತಾಡುವ ರೇಡಿಯೊ ಮುಂದೆ ಕೂತ. ಅವನು ಹೇಳಿದ್ದನ್ನು ಕೇಳಿಸಿಕೊಳ್ಳುವಳು, ಉತ್ತರ ಕೊಡಳು.

ಒಂದು ಮಾರ್ಚಿನ ಮಧ್ಯಾಹ್ನ ಹಿಮಗಾಳಿಗೆ ಹುಚ್ಚು ಹಿಡಿದಿತ್ತು. ಲಾರಿಯ ಮೂತಿಯೇ ಅವಳಿಗೆ ಕಾಣದು. ಕನ್ನಡಿಯಲ್ಲಿ ಮಾತ್ರ ಐದಾರು ಕಾರುಗಳ ಮಸುಕು ದೀಪ, ಇವಳನ್ನೇ ನಂಬಿಕೊಂಡು ಬರುತ್ತಿದ್ದವು.

"ಆರ್ಡಿತ್, ಎಲ್ಲಿದ್ದೀಯಮ್ಮಾ?" ರೇಡಿಯೊದಲ್ಲಿ ಆರ್ವಲ್.

ಅವಳು ಬ್ರೇಕ್ ಒತ್ತಿದಳು. ಹಿಂದಿನ ಕಾರಿನ ದೀಪ ಕನ್ನಡಿ ತುಂಬ ನುಗ್ಗಿ ಬಂತು. ಕಾಲು ತೆಗೆದಳು. ನಿಂತರೆ ಒಂದರ ಮೇಲೊಂದು ಬಂದು ಗುದ್ದುತ್ತವೆ, ಹೋದರೆ ಎಲ್ಲಿಗೆಂದು ಗೊತ್ತಿಲ್ಲ. ಕಿವಿಯೊಂದೇ ಗತಿ. ಹಿಮ ಗೋರುವ ಕಬ್ಬಿಣದ ಹಲಗೆ ಡಾಂಬರಿನ ಮೇಲೆ ಸುಯ್ಯೆನ್ನುತ್ತದೆ, ಬಲ ಅಂಚಿನ ಜಲ್ಲಿಗೆ ಬಂದರೆ ಕರಕರ ಎನ್ನುತ್ತದೆ.

ಕರಕರ ಎಂದಿತು. ಎಡಕ್ಕೆ ಎಳೆದುಕೊಂಡಳು. ಹಿಂದಿನ ದೀಪಗಳೂ ಅಂಚಿಗೆ ಹೋಗಿ, ಅವಳಂತೆಯೇ ಎಡಕ್ಕೆ ತಿರುಗಿದವು. ತಾನು ಹಳ್ಳಕ್ಕೆ ಹೋಗಿದ್ದರೆ ಅಲ್ಲಿಗೂ ಬರುತ್ತಿದ್ದವು.

ಅವಳು ಮೈಕು ತೆಗೆದುಕೊಂಡಳು. "ಆರ್ವಲ್, ಅವತ್ತು ಡೀನ್ ದೀಪ ನಿಂಗೆ ಕಾಣ್ತಿತ್ತಾ?"



"ಕಾಣ್ತಿತ್ತು. ಲಾರಿ ಬಾಲಕ್ಕೇ ಅಂಟ್ಕೊಂಡಿದ್ದ. ಅದಕ್ಕೇ ಬ್ರೇಕ್ ಹಾಕ್ಲಿಲ್ಲ."

"ಯಾಕೋ ಹೇಳ್ಲಿಲ್ಲ?"

"ಹೇಳೋಕೆ ಬಂದಾಗ ನೀನು ಬಾಗಿಲು ಹಾಕ್ಕೊಂಡೆ. ಈಗ ಮಾತು ಸಾಕು, ಹಲಗೆ ಸದ್ದು ಕೇಳ್ಕೊಂಡು ಬಾ."

ಇನ್ನೆರಡು ಸಲ ಕರಕರ ಎಂದಿತು, ಎರಡು ಸಲವೂ ತಿರುಗಿಸಿಕೊಂಡಳು. ಕೊನೆಗೆ ಗೋರ್ಡನ್‌ನ ಶೆಡ್ಡಿನ ಅಂಗಳಕ್ಕೆ ಲಾರಿ ಹೊರಳಿಸಿದಳು. ಕಾರುಗಳೂ ಸಾಲಾಗಿ ಅಂಗಳದೊಳಗೇ ಬಂದು ನಿಂತವು. "ಇದ್ಯಾವ ಊರಮ್ಮಾ?" ಎಂದು ಒಬ್ಬ ಗಾಜು ಇಳಿಸಿ ಕೇಳಿದ.

ಅವಳು ಲಾರಿಯಿಂದ ಇಳಿದಳು. ಬಾಗಿಲಲ್ಲಿ ನಿಂತ ಆರ್ವಲ್ ಹತ್ತಿರ ಬರಲು ಅಂಜಿದ. ಅವಳೇ ಹೋಗಿ ಅವನ ತೋಳು ಹಿಡಿದುಕೊಂಡು ಗೋಳೋ ಎಂದು ಅತ್ತಳು.

"ನಾನೂ ನಿಲ್ಲಿಸ್ಲಿಲ್ಲ ಕಣೋ," ಎಂದಳು.