ಕರೆಂಟ್ ಬರುವ ತನಕ

ನೀವು ನಂಬುವುದಿಲ್ಲ, ಆದರೆ ನಮ್ಮ ತೆಲಿಗಿಯಲ್ಲಿ ಆಗ ಫ್ರಾನ್ಸ್ ದೇಶದ ಲೇಖಕನ ಮೇಲೆ ಚರ್ಚೆ ನಡೆಯುತ್ತಿತ್ತು. ಅದೂ ಹಿಟ್ಟಿನ ಗಿರಣಿಯಲ್ಲಿ!

ನಾನಾಗ ಎಂಟನೇ ಕ್ಲಾಸು. ಶನಿವಾರ ಸಂಜೆ ಕರೆಂಟ್ ಹೋಯಿತೆಂದರೆ ಗಿರಣಿಯ ಬಸಣ್ಣಮಾವ ಜೋಳದ ಚೀಲದ ಹಿಂದಿನಿಂದ ಪುಸ್ತಕ ತೆಗೆಯುತ್ತಿದ್ದ. ಬೀಸಿಸಲು ಬಂದವರೆಲ್ಲ ಓದುಗ ಬಳಗದ ಸದಸ್ಯರು. ವಾರಕ್ಕೊಬ್ಬರು ಮಾತಾಡಬೇಕು. ಕರೆಂಟ್ ಬಂದರೆ ಮಾತು ಬಂದ್.

ನನ್ನ ಗೆಳತಿ ಮಾಳವ್ವ ಒಂದು ವಾರವೂ ತಪ್ಪಿಸುತ್ತಿರಲಿಲ್ಲ. ಅವಳ ಅಪ್ಪ ಅವ್ವ ಕುರಿ ಹೊಡೆದುಕೊಂಡು ಊರೂರು ತಿರುಗುತ್ತಿದ್ದರು. ಇವಳು ಶಾಲೆಗೆಂದು ಅಜ್ಜಿಯ ಹತ್ತಿರ ಉಳಿದಿದ್ದಳು. ಮನೆಯಲ್ಲಿ ಹಿಟ್ಟಿದ್ದರೂ ಅಜ್ಜಿಗೆ "ಹಿಟ್ಟು ತೀರೈತಿ" ಅಂತ ಹೇಳಿ ಜೋಳ ಹೊತ್ತು ಬರುತ್ತಿದ್ದಳು.

ಆ ಶನಿವಾರ ಮೊದಲ ಸಲ ಅವಳ ಸರದಿ. ಫ್ರಾನ್ಸಿನವನ ಕಥೆಗಳನ್ನು ಮೂರು ಸಲ ಓದಿ, ಹಾಳೆ ತುಂಬ ಬರೆದುಕೊಂಡು ಬಂದಿದ್ದಳು. ಕರೆಂಟ್ ಹೋಯಿತು. ಮಾಳವ್ವ ನನ್ನ ಕಿವಿಯ ಹತ್ತಿರ ಬಾಗಿದಳು.

"ಲೇ ಶಿವಲೀಲಾ, ಮೊದ್ಲು ನೀನು ಎರಡು ಮಾತು ಹೇಳ. ನನಗ ಎದಿ ಬಡಕಳ್ಳಾಕತ್ತೈತಿ."

ನಾನು ಓದಿದ್ದು ಪುಸ್ತಕದ ಹಿಂಬದಿ ಮಾತ್ರ. ಅಲ್ಲಿ ಅವನ ಫೋಟೋ, ಮಡಿಲಲ್ಲೊಂದು ಬೆಕ್ಕು. ಅಷ್ಟು ಸಾಕಾಗಿತ್ತು ನನಗೆ.

"ಇವ್ನ ಮನ್ಯಾಗ ನಲವತ್ತು ಬೆಕ್ಕು! ಒಂದೊಂದಕ್ಕೂ ಒಂದೊಂದು ಕುರ್ಚಿ. ಇವ ನಿಂತ್ಕಂಡೇ ಬರೀತಿದ್ದ. ಹೇಣ್ತಿ ಸಿಟ್ಟಿಗೆದ್ದು ಬಿಸಿ ರೊಟ್ಟಿ ಎಸೆದ್ಲು ನೋಡ್ರಿ, ಕಥಿ ಅರ್ಧ ಸುಟ್ಟೋತು!"

"ಫ್ರಾನ್ಸಿನಾಗ ಜೋಳದ ರೊಟ್ಟಿ ಎಲ್ಲಿಂದ ಬಂತಲೇ?" ಅಂದ ಬಸಣ್ಣಮಾವ.

"ಅಲ್ಲೂ ನಿನ್ನಂಥಾ ಒಬ್ಬ ಮಾವ ಇರ್ತಾನ ಬಿಡು!"

ಗಿರಣಿಯೇ ನಕ್ಕಿತು. ಮೈಮೇಲೆ ಹಿಟ್ಟು ಉದುರಿಸಿಕೊಂಡು ಮುದುಕಿಯರು ನಕ್ಕರು. ಅವರು ನಕ್ಕಷ್ಟೂ ನಾನು ಎಳೆದೆ. ಎರಡು ಮಾತು ಅರ್ಧ ಗಂಟೆಯಾಯಿತು. ಮಾಳವ್ವ ಮೂರು ಸಲ ನನ್ನ ಲಂಗ ಜಗ್ಗಿದಳು. ಗೊತ್ತಾಗಿತ್ತು ನನಗೆ. ಆದರೂ ಬಿಡಲಿಲ್ಲ.

ಕೊನೆಗೆ ಅವಳೇ ಎದ್ದು ನಿಂತಳು. "ಈ ಲೇಖಕ ಸಣ್ಣಾವ ಇದ್ದಾಗ..."

ಈಗ ಆ ಗಿರಣಿ ಮುಚ್ಚಿದೆ. ತೆಲಿಗಿಯಲ್ಲಿ ಪ್ಯಾಕೆಟ್ ಹಿಟ್ಟು ಸಿಗುತ್ತದೆ. ಕರೆಂಟ್ ಹೋದರೆ ಎಲ್ಲರೂ ಮೊಬೈಲ್ ನೋಡುತ್ತಾರೆ. ನಾನು ಕೂಡ್ಲಿಗಿಯಲ್ಲಿ ಪಿಯುಸಿ ಓದುತ್ತಿದ್ದೇನೆ, ಭಾಷಣ ಸ್ಪರ್ಧೆಯಲ್ಲಿ ಕಪ್ ಗೆದ್ದಿದ್ದೇನೆ. ಆ ಪುಸ್ತಕವನ್ನು ನಾನೂ ಮೂರು ಸಲ ಓದಿದೆ. ಮಾಳವ್ವ ಏನು ಹೇಳಲು ಹೊರಟಿದ್ದಳೋ ಅದರಲ್ಲಿ ಸಿಗಲಿಲ್ಲ.

ಆ ಸಂಜೆ ಅವಳ ಮಾತು ಮುಗಿಯಲೇ ಇಲ್ಲ, ಯಾಕೆಂದರೆ ಅಷ್ಟರಲ್ಲಿ ಗಿರಣಿಯ ಬಾಗಿಲಲ್ಲಿ ಅವಳ ಅಪ್ಪ ನಿಂತಿದ್ದ. ನಾಲ್ಕು ತಿಂಗಳ ಮೇಲೆ ಊರಿಗೆ ಬಂದವನು, ಹೆಗಲ ಕಂಬಳಿ ಇನ್ನೂ ಇಳಿಸಿರಲಿಲ್ಲ. ಬೈಯಲಿಲ್ಲ.

"ಮನ್ಯಾಗ ಎರಡು ಡಬ್ಬಿ ಹಿಟ್ಟು ಹುಳ ಬಿದ್ದೈತಿ, ನಮ್ಮವ್ವಾ. ಓದಾಕ ಬಿಟ್ರ ಸುಳ್ಳು ಕಲ್ತಿ. ನಾಳಿ ಮುಂಜಾನಿ ಕುರಿ ಜೊತಿ ನೀನೂ ನಡಿ."

ಮಾಳವ್ವ ಹಾಳೆ ಮಡಚಿ ಜೋಳದ ಚೀಲದೊಳಗೆ ತುರುಕಿದಳು. ನನ್ನ ಕಡೆ ನೋಡಲಿಲ್ಲ.

ಕರೆಂಟ್ ಬಂತು. ಗಿರಣಿ ಶುರುವಾಯಿತು.