ಇರುವೆಗಳು ತೋರಿಸಿಕೊಟ್ಟ ಕಾಕಂಬಿ

ಕಾರು ಓಡಿಸಲು ನನಗೆ ಬರುವುದಿಲ್ಲ, ಕೊಳ್ಳುವ ಯೋಗವಂತೂ ಈ ಜನ್ಮಕ್ಕಿಲ್ಲ. ಆದರೆ ಕಾರಿನ ಇಂಜಿನ್ನಿನ ಹೊಟ್ಟೆಯೊಳಗೆ ನೀರು ಹರಿಯುವ ದಾರಿ ಎಲ್ಲಿ ಸೊಟ್ಟ, ಎಲ್ಲಿ ಇಕ್ಕಟ್ಟು ಎಂಬುದನ್ನು ಕಣ್ಣು ಮುಚ್ಚಿ ಹೇಳಬಲ್ಲೆ. ಹುಕ್ಕೇರಿ ರಸ್ತೆಯ ಮಗ್ಗುಲಿನ ಒಂದು ಫೌಂಡ್ರಿಯಲ್ಲಿ ಆ ದಾರಿಯನ್ನು ಮರಳಿನಲ್ಲಿ ಮಾಡುತ್ತಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಎರಕದಲ್ಲಿ ಎಲ್ಲಿ ಟೊಳ್ಳು ಉಳಿಯಬೇಕೋ ಅಲ್ಲಿ ಅದೇ ಆಕಾರದ ಮರಳಿನ ಗಟ್ಟಿಯನ್ನು ಮೊದಲೇ ಇಡಬೇಕು. ಅದರ ಸುತ್ತ ಹೊಯ್ದ ಕಬ್ಬಿಣ ಆರಿದ ಮೇಲೆ ಮರಳು ಉದುರಿಹೋಗಿ ದಾರಿ ಉಳಿಯುತ್ತದೆ. ಆ ಗಟ್ಟಿಗೆ ಕೋರ್ ಎನ್ನುತ್ತೇವೆ. ಕೋರ್ ಕೋಣೆಯಲ್ಲಿ ನಾವು ಆರು ಜನ ಹೆಂಗಸರು.

ಈ ಕೆಲಸ ಕಲಿಸಿದವರು ನನ್ನ ಅತ್ತೆ. ಕೊಣ್ಣೂರಿನ ತವರಿನಿಂದ ಸೊಸೆಯಾಗಿ ಬಂದ ವರ್ಷವೇ ನನ್ನನ್ನು ಕರೆದೊಯ್ದು ಮರಳಿನ ಮುಂದೆ ಕೂರಿಸಿದರು. ಆಗ ಮರಳಿಗೆ ಅಂಟು ಎಂದರೆ ಕಾಕಂಬಿ. ಸಕ್ಕರೆ ತೆಗೆದ ಮೇಲೆ ಉಳಿಯುವ ಆ ಕಪ್ಪು ಪಾಕ ಮೂಡಲಗಿ ಕಡೆಯಿಂದ ಡ್ರಮ್ಮುಗಟ್ಟಲೆ ಬರುತ್ತಿತ್ತು. ಅದನ್ನು ಮರಳಿಗೆ ಕಲಸಿ, ಅಚ್ಚಿಗೆ ತುಂಬಿ, ಭಟ್ಟಿಯಲ್ಲಿ ಬೇಯಿಸಿದರೆ ಕೋಣೆಯೆಲ್ಲ ಹೋಳಿಗೆ ಮಾಡುವ ಮನೆಯಂತೆ ಘಮಘಮ. ಭಟ್ಟಿಗೆ ವಿಭೂತಿ ಹಚ್ಚದೆ ಅತ್ತೆ ಬೆಂಕಿ ಹಾಕುತ್ತಿರಲಿಲ್ಲ. ಹದ ನೋಡುವುದು ಮುಷ್ಟಿಯಲ್ಲಿ. ಮರಳು ಹಿಂಡಿ ಕೈ ಬಿಚ್ಚಿದರೆ ಅದರ ಮೇಲೆ ಬೆರಳಿನ ಗುರುತು ಮೂಡಿರಬೇಕು, ಅಂಗೈಗೆ ಮಾತ್ರ ಅಂಟಿರಬಾರದು. ನನ್ನ ಮುಷ್ಟಿಗೆ ಆ ಹದ ಸಿಗಲು ಒಂದು ವರ್ಷ ಹಿಡಿಯಿತು. ಅಷ್ಟು ದಿನ ಬೈಗುಳಕ್ಕೇನೂ ಬರವಿರಲಿಲ್ಲ.

ಆಮೇಲೆ ಕಾಕಂಬಿಯ ಬದಲಿಗೆ ಕೆಮಿಕಲ್ ಅಂಟು ಬಂತು. ಬೇಗ ಗಟ್ಟಿಯಾಗುತ್ತದೆ, ಒಪ್ಪೋಣ. ಕಣ್ಣು ಉರಿಸುತ್ತದೆ, ಅದನ್ನೂ ಒಪ್ಪಬೇಕು. ಅತ್ತೆ ಒಂದು ವಾರ ನೋಡಿದರು. "ಈ ವಾಸನ್ಯಾಗ ನಾ ಕುಂಡ್ರಂಗಿಲ್ಲ" ಎಂದು ಸೆರಗು ಕೊಡವಿ ಮನೆಗೆ ಹೋದವರು ತಿರುಗಿ ಬರಲಿಲ್ಲ. ನಾವು ಮಾತ್ರ ಒಂದು ಡ್ರಮ್ ಕಾಕಂಬಿಯನ್ನು ಮೂಲೆಯಲ್ಲಿ ಉಳಿಸಿಕೊಂಡೆವು. ಮುರಿದ ಕೋರಿಗೆ ತೇಪೆ ಹಾಕಲು, ಸಣ್ಣ ಪುಟ್ಟ ಕೋರು ಮಾಡಲು ಅದೇ ಆಗಬೇಕು. ಯಾವ ಕಾಗದದಲ್ಲೂ ಅದರ ಹೆಸರಿರಲಿಲ್ಲ.

ಹೋದ ವರ್ಷ ಸುದ್ದಿ ಬಂತು. ನಾವು ಮಾಲು ಕೊಡುವ ಕಾರಿನ ಕಂಪನಿ ಬ್ಯಾಟರಿ ಕಾರಿನತ್ತ ತಿರುಗಿದೆ, ಇಂಜಿನ್ನಿನ ಆರ್ಡರು ಇನ್ನು ಕೆಲವೇ ತಿಂಗಳು. ಇಂಜಿನ್ನೇ ಇಲ್ಲದ ಮೇಲೆ ಅದರ ಹೊಟ್ಟೆ ಮಾಡುವ ನಮಗೇನು ಕೆಲಸ? ಆ ವಾರ ಗೋಕಾಕದ ಬಸ್‌ಸ್ಟ್ಯಾಂಡಿನ ಮುಂದೆ ಒಂದು ಬ್ಯಾಟರಿ ಆಟೋ ಸದ್ದಿಲ್ಲದೆ ನನ್ನ ಪಕ್ಕಕ್ಕೇ ಬಂದು ಸರಿದುಹೋಯಿತು. ಹೊಗೆ ಇಲ್ಲ, ಗದ್ದಲ ಇಲ್ಲ, ಒಳ್ಳೆಯದೇ. ಆದರೆ ಆ ಒಳ್ಳೆಯದು ನಮ್ಮ ರೊಟ್ಟಿಯ ಮೇಲೇ ಹಾಯ್ದು ಹೋಗಬೇಕೇ ಎಂದು ನನಗೆ ವಿಪರೀತ ಸಿಟ್ಟು ಬಂತು.

ಹೊಸ ಕಾರಿನ ಕೆಲಸ ನಮಗೆ ಕೊಡಬಹುದೋ ಇಲ್ಲವೋ ನೋಡಲು ಕಂಪನಿಯಿಂದ ಒಬ್ಬ ಅಧಿಕಾರಿ ಬರುವುದೆಂದಾಯಿತು. ಹೊಗೆ ಎಷ್ಟು, ಯಾವ ಯಾವ ಕೆಮಿಕಲ್, ಹಳೆ ಮರಳು ಎಲ್ಲಿಗೆ ಹೋಗುತ್ತದೆ, ಎಲ್ಲವನ್ನೂ ಕೇಳುತ್ತಾರಂತೆ. ನಿಡಸೋಸಿ ಕಡೆಯ ನಮ್ಮ ಸೂಪರ್‌ವೈಸರ್ ಸಾಹೇಬರಿಗೆ ಜ್ವರ ಬರುವುದೊಂದು ಬಾಕಿ. ಗೋಡೆಗೆ ಸುಣ್ಣ ಬಳಿಸಿದರು. ಗೇಟಿನ ಬಳಿ ಸಸಿ ನೆಡಿಸಿದರು, ಅವಸರದಲ್ಲಿ ಪ್ಲಾಸ್ಟಿಕ್ ಚೀಲದ ಸಮೇತ. ಕಾಗದದಲ್ಲಿಲ್ಲದ ನಮ್ಮ ಡ್ರಮ್ಮನ್ನು ಬಚ್ಚಲ ಹಿಂದಕ್ಕೆ ಉರುಳಿಸಿ ಗೋಣಿಚೀಲ ಮುಚ್ಚಿಸಿದರು. ಉರುಳಿಸುವಾಗ ಮುಚ್ಚಳ ಸಡಿಲಾಗಿ ಅಂಗಳದುದ್ದಕ್ಕೂ ಹನಿ ಬಿದ್ದದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಇರುವೆಗಳ ಕಣ್ಣಿಗೆ ಬಿತ್ತು.

ಬಂದ ಅಧಿಕಾರಿ ಧಾರವಾಡ ಕಡೆಯ ನಡುವಯಸ್ಸಿನ ಹೆಂಗಸು. ಕೋರ್ ಕೋಣೆಯ ಬಾಗಿಲಲ್ಲಿ ನಿಂತವರು ನೆಲ ನೋಡಿದರು. ಕಪ್ಪಿರುವೆಗಳು ದಿಬ್ಬಣ ಹೊರಟಂತೆ ಸಾಲುಗಟ್ಟಿದ್ದವು. ಅವರು ಆ ಸಾಲಿನ ಜೊತೆ ನಡೆದರು, ನಾವೆಲ್ಲ ಅವರ ಹಿಂದೆ. ಬಚ್ಚಲ ಹಿಂದೆ ಹೋಗಿ ಗೋಣಿಚೀಲ ಎತ್ತಿದರು.

"ಏನ್ರಿ ಇದು?"

"ಕಾಕಂಬಿ ರೀ ಮೇಡಂ. ಎಮ್ಮಿಗಿ ಹಾಕಾಕ," ಎಂದರು ಸೂಪರ್‌ವೈಸರ್.

"ಎಮ್ಮಿ ಎಲ್ಲೈತ್ರಿ?"

ಸಾಹೇಬರು ಸುತ್ತಲೂ ಕಣ್ಣಾಡಿಸಿದರು. ಅಲ್ಲಿ ನಿಂತಿದ್ದವರು ನಾವು ಆರು ಹೆಂಗಸರು.

ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. "ಎಮ್ಮಿ ಇಲ್ರಿ ಮೇಡಂ," ಎಂದುಬಿಟ್ಟೆ. "ಇದು ನಮ್ಮದರಿ. ಇದರಾಗ ಕೋರ್ ಮಾಡ್ತೇವ್ರಿ, ನಮ್ಮ ಅತ್ತಿ ಕಾಲದಿಂದ. ತಪ್ಪಾಗಿದ್ದರ ನನ್ನ ತಗದ ಬಿಡ್ರಿ, ಉಳದವರನ್ನ ಇಟ್ಕೋರಿ."

ಹೇಳಿದ ಮೇಲೆ ಆರೂ ಜನರ ಅನ್ನಕ್ಕೆ ನಾನೇ ಕಲ್ಲು ಹಾಕಿದೆ ಎಂದುಕೊಂಡೆ.

ಅವರು ಡ್ರಮ್ಮಿನ ಬಾಯಿ ಮೂಸಿ ನೋಡಿದರು. "ಈ ಕೋರ್ ನೀರಾಗ ಕರಗಿ ಬಿಡತೈತೇನ್ರಿ?"

"ಕೆಸರಾಗಿ ಬರತೈತ್ರಿ. ಅದ ಅದರ ಕೆಟ್ಟ ಚಾಳಿ. ಮಳಿಗಾಲದಾಗ ತಂಪಿಗೇ ಮೆತ್ತಗಾಗತಾವು."

ಅವರು ನಕ್ಕರು. ಆಮೇಲೆ ಅಲ್ಲೇ ನಿಂತು ತಿಳಿಸಿ ಹೇಳಿದರು. ಬ್ಯಾಟರಿ ಕಾರಿನ ಮೋಟರ್ ಕೂಡ ಕಾಯುತ್ತದೆ, ಅದನ್ನು ತಣಿಸಲು ಅದರ ಅಲ್ಯೂಮಿನಿಯಂ ಕವಚದೊಳಗೂ ನೀರಿನ ದಾರಿ ಬೇಕು. ಕರಗಿದ ಅಲ್ಯೂಮಿನಿಯಂ ಕಬ್ಬಿಣದಷ್ಟು ಕಾದಿರುವುದಿಲ್ಲವಾದ್ದರಿಂದ ಕೆಮಿಕಲ್ ಕೋರ್ ಸುಟ್ಟು ಉದುರದೆ ಒಳಗೇ ಕಚ್ಚಿಕೊಳ್ಳುತ್ತದೆ. ಬಡಿದು ಬಡಿದು ತೆಗೆಯಬೇಕು. ನೀರಿಗೇ ಬಿಡುವ ಕೋರ್ ಇದ್ದರೆ ಮರಳನ್ನೂ ತೊಳೆದು ಮತ್ತೆ ಬಳಸಬಹುದು. "ಒಂದ ಮಾಡಿ ತೋರಸ್ರಿ," ಎಂದರು.

ಮೋಟರಿನ ಕವಚಕ್ಕೆ ಬೇಕಾದಷ್ಟು ದೊಡ್ಡ ಕೋರನ್ನು ಪೂರ್ತಿ ಕಾಕಂಬಿಯಲ್ಲಿ ಮಾಡಿದವರು ನಮ್ಮಲ್ಲಿ ಯಾರೂ ಇರಲಿಲ್ಲ; ಆ ಕಾಲದಲ್ಲೂ ದೊಡ್ಡವು ಅತ್ತೆಯ ಕೈಯವೇ. ಮನೆಗೆ ಹೋಗಿ ಅತ್ತೆಯ ಮುಂದೆ ನಿಂತೆ. "ಈಗ ನೆನಪಾತೇನ ಮುದುಕೀದು?" ಎಂದರು, ಎನ್ನುತ್ತಲೇ ಸೆರಗು ಸಿಕ್ಕಿಸಿಕೊಂಡರು.

ಅಧಿಕಾರಿ ಮತ್ತೆ ಬರಲು ಗೊತ್ತುಮಾಡಿದ ದಿನ ಅತ್ತೆ ಭಟ್ಟಿಗೆ ವಿಭೂತಿ ಹಚ್ಚಿ ಮರಳಿಗೆ ಕೈ ಹಾಕಿದರು. ಮೊದಲಿನೆರಡು ಕೋರು ಮುರಿದವು. ಸೂಪರ್‌ವೈಸರ್ ಮುಖ ಬಾಡಿತು, ಅತ್ತೆಯದಲ್ಲ. ಅಧಿಕಾರಿ ಅತ್ತೆಯ ಒಂದೊಂದು ಅಳತೆಯನ್ನೂ ತಕ್ಕಡಿಗೆ ಹಾಕಿ ಬರೆದುಕೊಳ್ಳುತ್ತಿದ್ದರು. ಮೂರನೆಯದು ನಿಂತಿತು. ಎರಕ ಹೊಯ್ದು, ಆರಿದ ಮೇಲೆ ಪೈಪಿನಿಂದ ನೀರು ಬಿಟ್ಟೆವು. ಮೊದಲು ಏನೂ ಬರಲಿಲ್ಲ. ಆಮೇಲೆ ಸುಟ್ಟ ಬೆಲ್ಲದ ವಾಸನೆಯ ಕಂದು ಕೆಸರು ಗಳಗಳನೆ ಇಳಿಯಿತು, ಅದರ ಹಿಂದೆ ತಿಳಿನೀರು. ನಾನು ಅತ್ತುಬಿಟ್ಟೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಹೊಸ ಕಾರಿನ ಕೆಲಸ ನಮಗೇ ಸಿಕ್ಕಿ ಕೋರ್ ಕೋಣೆ ಉಳಿಯಿತು, ಆರೂ ಜನ ಇದ್ದೇವೆ. ಕಬ್ಬಿಣದ ಕುಲುಮೆ ಈಗ ಅಪರೂಪಕ್ಕೆ ಉರಿಯುತ್ತದೆ. ಅಲ್ಲಿದ್ದ ಗಂಡಸರಲ್ಲಿ ಕೆಲವರು ಬೇರೆ ಊರಿನ ದಾರಿ ಹಿಡಿದರು. ಅವರು ಸಿಕ್ಕಾಗ ನನ್ನ ಸಂತೋಷವನ್ನು ಎಲ್ಲಿ ಮುಚ್ಚಿಡಬೇಕೋ ನನಗೆ ತಿಳಿಯುವುದಿಲ್ಲ.

ಕೋರ್ ಮಾಡಿ ತೋರಿಸಿದ ಆ ದಿನ ಬಸ್ಸಿನಲ್ಲಿ ಮನೆಗೆ ಮರಳುವಾಗ ಅತ್ತೆ ಕಾಕಂಬಿ ಮೆತ್ತಿದ ಅಂಗೈ ನೋಡಿಕೊಳ್ಳುತ್ತ ಕೂತಿದ್ದರು.

"ಆ ಕಾರ್ ಸಪ್ಪಳಾನ ಮಾಡಂಗಿಲ್ಲಂತ, ಖರೆ ಏನ?"

"ಖರೇರಿ ಅತ್ತಿ. ಒಳಗ ಎಷ್ಟ ದುಡದರೂ ಹೊರಗ ಗೊತ್ತ ಆಗಂಗಿಲ್ಲ."

ಅತ್ತೆ ಅಂಗೈಯನ್ನು ಸೆರಗಿಗೆ ಒರೆಸಿಕೊಂಡರು.

"ಹಂಗಾದರ ಅದು ನಮ್ಮ ಹೆಣ್ಣಮಕ್ಕಳ ಪೈಕಿನ ಬಿಡು," ಎಂದರು.