ಖಾಲಿ ಬಿಟ್ಟ ಮೊದಲ ಸಾಲು

ಕೆಂಪು ಗೆರೆ ಪುಟದ ಅರ್ಧಕ್ಕೆ ಬಂದಾಗ ಒಳಗಿನಿಂದ ನೆಗೆಣ್ಣಿ ಭುವನೇಶ್ವರಿಯ ನಗು ಕೇಳುತ್ತದೆ. ಜಂಬಮ್ಮ ತಲೆ ಎತ್ತುವುದಿಲ್ಲ. ಅಳತೆಪಟ್ಟಿಯನ್ನು ಎಡಗೈಯಿಂದ ಇನ್ನಷ್ಟು ಒತ್ತಿ ಹಿಡಿದು ಗೆರೆಯನ್ನು ಅಂಚಿನವರೆಗೂ ಎಳೆದು ಮುಗಿಸುತ್ತಾಳೆ. ಆಮೇಲೆ ಶಾಯಿ ಆರಲೆಂದು ಊದುತ್ತಾಳೆ.

ಮಸ್ಕಿ ಬಸ್ ನಿಲ್ದಾಣದ ಹಿಂದಿನ ಓಣಿಗೆ ಬೆಳಗಿನ ಬೆಳಕು ಈಗಷ್ಟೇ ಇಳಿಯುತ್ತಿದೆ. ನಾಳೆ ಒಂದನೇ ತಾರೀಕು. ಪಡಸಾಲೆಯ ತುಂಬ ಹೊಸ ತಿಂಗಳ ಪುಸ್ತಕಗಳು, ಹಾಳೆ ಮಡಚಿ, ದಬ್ಬಣದಿಂದ ಚುಚ್ಚಿ, ದಾರ ಹಾಕಿ ಹೊಲಿದವು. ಅಂಗಡಿಯ ಡೈರಿಯಲ್ಲಿ ಎಲ್ಲರ ದಿನವೂ ಒಂದೇ ಅಳತೆ. ಇಲ್ಲಿ ಹಾಗಲ್ಲ, ಒಬ್ಬೊಬ್ಬರ ಕೆಲಸಕ್ಕೆ ತಕ್ಕ ಗೆರೆ. ಸಾಲಗುಂದದ ಅಮರಮ್ಮ ಭತ್ತದ ನಾಟಿಗೆ ಹೆಣ್ಣಾಳುಗಳನ್ನು ಕಟ್ಟಿಕೊಂಡು ಹೋಗುವವಳು; ಯಾವ ದಿನ ಯಾರ ಗದ್ದೆ ಎಂದು ಬರೆಯಲು ಅವಳಿಗೆ ಅಗಲವಾದ ಚೌಕ ಬೇಕು. ಮುದಗಲ್ಲಿನ ಬ್ಯಾಂಡ್ ಮೇಳದ ಮಕ್ತುಮ್‌ಸಾಬರಿಗೆ ಲಗ್ನದ ದಿನಗಳು ಕೆಂಪಾಗಬೇಕು, ಉರುಸಿನ ದಿನಗಳು ಹಸಿರಾಗಬೇಕು.

“ಅವರ ತಿಂಗಳು ಹೆಂಗ ಹೋಗತೈತಿ ಅಂತ ನನಗ ಗೊತ್ತಿರಬೇಕಲ್ರೀ. ಇಲ್ಲಂದ್ರ ಗೆರಿ ಎಲ್ಲಿ ಎಳೀಲಿ?” ಎನ್ನುತ್ತಾಳೆ ಜಂಬಮ್ಮ, ಕೇಳಿದವರಿಗೆ.

ಈ ಕೆಲಸ ಮೊದಲು ಗಂಡ ಬಸವಲಿಂಗನದು. ಆತ ಬೈಂಡಿಂಗ್ ಮಾಡುತ್ತಿದ್ದ ಪ್ರೆಸ್ಸು ಮುಚ್ಚಿದ ಮೇಲೆ ಲಿಂಗಸುಗೂರಿನ ಜೆರಾಕ್ಸ್ ಅಂಗಡಿ ಸೇರಿದ. ದಬ್ಬಣ ಈಕೆಯ ಕೈಗೆ ಬಂತು. ತಿಂಗಳ ಕೊನೆಯ ವಾರ ಬಗ್ಗಿಸಿದ ಕುತ್ತಿಗೆ ಎತ್ತುವುದಿಲ್ಲ. ದಾರ ಜಗ್ಗಿ ಜಗ್ಗಿ ಹೆಬ್ಬೆರಳು ಸೀಳಿದೆ, ಅದಕ್ಕೊಂದು ಬಟ್ಟೆ ಸುತ್ತಿದ್ದಾಳೆ.

ಆದರೆ ಇಷ್ಟೆಲ್ಲ ಮಾಡಿದ ಪುಸ್ತಕದಲ್ಲೂ ಮೊದಲ ಪುಟದ ಮೊದಲ ಸಾಲನ್ನು ಆಕೆ ಖಾಲಿ ಬಿಡಬೇಕು. ಅದನ್ನು ಬರೆಯುವವಳು ಮೈದುನನ ಹೆಂಡತಿ ಭುವನೇಶ್ವರಿ. ಸೊಸೆಯಾಗಿ ಬಂದ ವರ್ಷ ಸುಮ್ಮನೆ ಅಮರಮ್ಮನ ಪುಸ್ತಕದಲ್ಲಿ ಶ್ರೀಕಾರ ಹಾಕಿ ಶುಭವಾಗಲಿ ಎಂದು ಬರೆದಿದ್ದಳಂತೆ. ಆ ಸಲ ಅಮರಮ್ಮನ ಗುಂಪಿಗೆ ಬಿಡುವಿಲ್ಲದ ಕೆಲಸ. ಅಂದಿನಿಂದ ಭುವನೇಶ್ವರಿಯ ಕೈಗುಣ ಸಿಂಧನೂರಿನವರೆಗೂ ಮಾತಾಯಿತು. ಬಂದವರು ಪಡಸಾಲೆಯಲ್ಲಿ ಪುಸ್ತಕ ಎತ್ತಿಕೊಂಡು ನೇರ ಒಳಗೆ ನಡೆಯುತ್ತಾರೆ. ಚಹಾ ಅಲ್ಲೇ, ಮಾತೂ ಅಲ್ಲೇ. ಊರಲ್ಲಿ ಇವಕ್ಕೆ ಹೆಸರೇ ‘ಭುವನಮ್ಮನ ಬುಕ್ಕು’.

“ಹೊಟ್ಟಿ ಉರೀತೈತ್ರೀ, ಸುಳ್ಳು ಯಾಕ ಹೇಳಲಿ?” ಜಂಬಮ್ಮ ದನಿಯನ್ನೇನೂ ತಗ್ಗಿಸುವುದಿಲ್ಲ. “ಬಗ್ಗಿ ಕುಂತು ಸಾಯಾಕಿ ನಾನು. ಆಕಿ ಬರಿಯೋದು ಒಂದ ಸಾಲು. ಅದರಾಗೂ ಶ್ರೀ ಸೊಟ್ಟ.”

ಒಮ್ಮೆ, ಯಾರಿಗೂ ಹೇಳದೆ, ಅಮರಮ್ಮನ ಪುಸ್ತಕದಲ್ಲಿ ಆ ಸಾಲನ್ನು ತಾನೇ ಬರೆದಿಟ್ಟಿದ್ದಳು. ದುಂಡಾದ, ನೆಟ್ಟಗಿನ ಅಕ್ಷರ. ಅಮರಮ್ಮ ಪುಟ ತೆರೆದು ನೋಡಿ, ಈ ಹಾಳೆ ಕೆಟ್ಟಿದೆ, ಬೇರೆ ಪುಸ್ತಕ ಕೊಡು ಎಂದಳು. ಜಂಬಮ್ಮ ಕೊಟ್ಟಳು. ಕೆಟ್ಟ ಪುಸ್ತಕ ಇನ್ನೂ ಟ್ರಂಕಿನಲ್ಲಿದೆ.

ಈ ತಿಂಗಳು ಭುವನೇಶ್ವರಿ ಬಚ್ಚಲಲ್ಲಿ ಜಾರಿ ಬಿದ್ದು ಬಲ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಾಳೆ. ಓಣಿಯವರೆಲ್ಲ ಬಾಳೆಹಣ್ಣು ಹಿಡಿದು ನೋಡಲು ಬಂದರು. ಒಳಗೆ ಹೋಗುವಾಗ ಜಂಬಮ್ಮನ ಹೆಬ್ಬೆರಳ ಪಕ್ಕದಲ್ಲೇ ಕಾಲು ಇಟ್ಟು ದಾಟಿದರು.

ಇವತ್ತು ಮೊದಲ ಬಸ್ಸಿಗೆ ಬಂದ ಅಮರಮ್ಮನೂ ಹಾಗೇ ದಾಟಿ ಹೋಗಿದ್ದಾಳೆ. ಒಳಗಿನ ನಗು ನಿಲ್ಲುತ್ತದೆ. ಇಬ್ಬರೂ ಹೊರಗೆ ಬರುತ್ತಾರೆ. ಭುವನೇಶ್ವರಿಯ ಎಡಗೈಯಲ್ಲಿ ಅವಳು ಯಾವಾಗಲೂ ಬರೆಯುವ ಪೆನ್ನು.

“ಅಕ್ಕಾ, ಈ ಸಲ ನೀನ ಬರಿ. ನನ್ನ ಬದಲಿ ಅಕ್ಕ ಬರದ್ರೂ ನಡಿತೈತಿ ಅಂತ ಅಮರಮ್ಮಗ ನಾನ ಹೇಳೀನಿ.”

“ಹೂಂ, ಒಂದ ತಿಂಗಳ ಮಟ್ಟಿಗೆ ಅಲ್ಲೇನವಾ, ನಡಿತೈತಿ,” ಎನ್ನುತ್ತಾಳೆ ಅಮರಮ್ಮ, ಪುಸ್ತಕ ತೆರೆದು ಮುಂದಿಡುತ್ತ.

ಇಷ್ಟು ವರ್ಷ ಕಾದ ಸಾಲು ಕಣ್ಣೆದುರಿಗಿದೆ. ಜಂಬಮ್ಮ ಅದನ್ನು ನೋಡುತ್ತಾಳೆ, ಪೆನ್ನನ್ನು ನೋಡುತ್ತಾಳೆ, ಪ್ಲಾಸ್ಟರ್ ಹಾಕಿದ ಕೈಯನ್ನೂ ನೋಡುತ್ತಾಳೆ. ಆಮೇಲೆ ಪುಸ್ತಕವನ್ನು ಮುಚ್ಚಿ ಅಮರಮ್ಮನ ಕಡೆ ಸರಿಸಿ, ಮುಂದಿನ ಹಾಳೆ ಎಳೆದುಕೊಂಡು ಪಟ್ಟಿ ಇಡುತ್ತಾಳೆ.

“ಒಲ್ಲೆ. ಆಕಿ ಬದಲಿಗೆ ನಾ ಬರಿಯಂಗಿಲ್ಲ.”